ಮೀನುಕೊಳದ ಶೋಧಕ: ಎರಡು ಶತಮಾನಗಳ ಪಾಠ

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ರೈಲಿನಲ್ಲಿ ಹೋಗಿದ್ದೀರಾ? ದೊಡ್ಡಬಳ್ಳಾಪುರ ದಾಟಿದ ಮೇಲೆ ಹಳಿ ಗುಡ್ಡಗಳ ನಡುವೆ ಬಳಸಿ ಸಾಗುತ್ತದೆ. ಅಲ್ಲಿ ಕಾಣುವ ಕೋಟೆಯ ಬೆಟ್ಟವೇ ಮಾಕಳಿದುರ್ಗ. ಅದರ ತಪ್ಪಲಿನ ಹಳ್ಳಿಯೊಂದರಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ, ನಿವೃತ್ತ ಶಾಲಾ ಶಿಕ್ಷಕರು. ಹಿತ್ತಲಿನ ಚಿಕ್ಕ ತೊಟ್ಟಿಯಲ್ಲಿ ಬಹಳ ಕಾಲ ಮೀನು ಸಾಕಿದ ಅವರು, ಊರಿನ ಮಕ್ಕಳ ಒತ್ತಾಯಕ್ಕೆ ದೊಡ್ಡ ಕೊಳವನ್ನೇ ಕಟ್ಟಿಸಿದರು. ಉದ್ದ 6 ಮೀಟರ್, ಅಗಲ 4 ಮೀಟರ್, ಆಳ 1.2 ಮೀಟರ್. ಹಿಡಿಯುವ ನೀರು ಸುಮಾರು 28,800 ಲೀಟರ್. ಅದರಲ್ಲಿ ಒಟ್ಟು 20 ಕಿಲೋಗ್ರಾಂ ತೂಕದ ಗೆಂಡೆ ಮೀನುಗಳು. ಶೋಧಕಕ್ಕೆ ಜಲ್ಲಿಕಲ್ಲು ತುಂಬಿದ ಒಂದು ತೊಟ್ಟಿ.

ಆರು ತಿಂಗಳು ಎಲ್ಲವೂ ಚೆನ್ನಾಗಿತ್ತು. ಒಮ್ಮೆ ನಾನು ಹೋದಾಗ ಜಲ್ಲಿಯ ಮೇಲೆ ಕಂದು ಲೋಳೆ ಕಟ್ಟಿರುವುದನ್ನು ಕಂಡೆ. ಅದು ಕೊಳೆ ಎಂದೇ ತಿಳಿದೆ. ನನ್ನ ಸಲಹೆಯಂತೆ ಜಲ್ಲಿಯನ್ನೆಲ್ಲ ಹೊರತೆಗೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು, ಕ್ಲೋರಿನ್ ವಾಸನೆ ಹೋಗುವವರೆಗೆ ಜಾಲಿಸಿ ಮತ್ತೆ ತುಂಬಿದೆವು. ಆರನೆಯ ದಿನ ಅವರ ಫೋನು ಬಂತು: “ಸಾರ್, ನೀರು ಗಾಜಿನಂಗೈತೆ. ಮೀನು ಮಾತ್ರ ಮೇಲಕ್ಕೆ ಬಂದು ಬಾಯಿ ಬಿಡ್ತಾವೆ.”

ಆ ವಾರ ಮೂರು ಮೀನುಗಳು ಸತ್ತವು. ತಪ್ಪು ಪೂರ್ತಿಯಾಗಿ ನನ್ನದೇ. ಹಾಗಾದರೆ ಶೋಧಕವೆಂದರೆ ಏನು? ನೀರನ್ನು ತಿಳಿಗೊಳಿಸುವುದು ಒಂದು ಕೆಲಸ, ಮೀನಿಗೆ ಯೋಗ್ಯವಾಗಿಸುವುದು ಇನ್ನೊಂದು ಕೆಲಸ. ಇವೆರಡೂ ಬೇರೆ ಬೇರೆ ಎಂಬುದನ್ನು ವಿಜ್ಞಾನಿಗಳು ಕಂಡುಕೊಳ್ಳಲು ಸುಮಾರು ಒಂದು ಶತಮಾನವೇ ಹಿಡಿಯಿತು. ಅದನ್ನು ಮರೆಯಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು! ಆ ಶತಮಾನದ ಕಥೆಯನ್ನು ತಿಳಿದರೆ ನಿಮ್ಮ ಮನೆಯ ಅಥವಾ ಶಾಲೆಯ ಹಿತ್ತಲಿನ ಕೊಳಕ್ಕೆ ಎಂಥ ಶೋಧಕ ಬೇಕೆಂಬುದನ್ನು ನೀವೇ ನಿರ್ಧರಿಸಬಲ್ಲಿರಿ.

ಮರಳಿನ ಕಾಲ

ಮೀನನ್ನು ವಿನೋದಕ್ಕಾಗಿ ನೋಡುವ, ಮೇವು ಹಾಕುವ ಅಭ್ಯಾಸ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಆದರೆ ಕೆರೆ, ಹೊಳೆಗಳಲ್ಲಿ ನೀರು ಹೆಚ್ಚು, ಮೀನು ಕಡಿಮೆ. ಅಲ್ಲಿ ಶೋಧಕದ ಪ್ರಶ್ನೆ ಏಳುವುದಿಲ್ಲ. ಒಂದು ಕೆರೆಯ ಕೋಡಿ ಹರಿದು ಇನ್ನೊಂದು ಕೆರೆ ತುಂಬುವ ನಮ್ಮ ಸರಣಿ ಕೆರೆಗಳಲ್ಲಿ, ಮೇಲಿನ ಕೆರೆಯಲ್ಲಿ ಹೂಳು ನಿಂತು ಕೆಳಗಿನದಕ್ಕೆ ತಿಳಿನೀರು ಬರುತ್ತಿತ್ತು. ಬೇಕಾದಷ್ಟು ಜಾಗ, ಬೇಕಾದಷ್ಟು ಸಮಯ ಇದ್ದವರ ಶೋಧಕವದು.

ಜಾಗ, ಸಮಯ ಎರಡೂ ಇಲ್ಲದ ನಗರಗಳು ಬೇರೆ ದಾರಿ ಹುಡುಕಬೇಕಾಯಿತು. ಸ್ಕಾಟ್ಲೆಂಡಿನ ಪೈಸ್ಲಿ ಪಟ್ಟಣದಲ್ಲಿ ಬಟ್ಟೆ ಬಿಳುಪು ಮಾಡುವ ಕಾರ್ಖಾನೆಯ ಒಡೆಯ ಜಾನ್ ಗಿಬ್, 1804ರಲ್ಲಿ ಮರಳು ಮತ್ತು ಜಲ್ಲಿಯ ಮೂಲಕ ನೀರನ್ನು ಸೋಸಿದ. ತನ್ನ ಕೆಲಸಕ್ಕೆ ಬಳಸಿ ಮಿಕ್ಕ ನೀರನ್ನು ಊರಿನವರಿಗೆ ಮಾರಿದ. 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿ ನೀರು ಕಂಪನಿಗಾಗಿ ದೊಡ್ಡ ಮರಳು ಶೋಧಕವನ್ನು ಕಟ್ಟಿದ. ನೀರು ಮರಳಿನ ಮೂಲಕ ಗಂಟೆಗೆ ಹತ್ತಿಪ್ಪತ್ತು ಸೆಂಟಿಮೀಟರಿನಷ್ಟು ಮಾತ್ರ ಇಳಿಯುವ ಈ ಬಗೆಗೆ ‘ಮಂದ ಮರಳು ಶೋಧಕ’ ಎಂದು ಹೆಸರು.

ಮರಳಿನಲ್ಲಿ ನೀರು ಎಷ್ಟು ವೇಗವಾಗಿ ಇಳಿಯುತ್ತದೆ? ಫ್ರಾನ್ಸಿನ ದಿಜೋನ್ ನಗರದ ನೀರು ಪೂರೈಕೆಯನ್ನು ರೂಪಿಸಿದ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಇದಕ್ಕೆ ಉತ್ತರ ಕೊಟ್ಟ. ವೇಗವು ನೀರಿನ ಮಟ್ಟಗಳ ವ್ಯತ್ಯಾಸಕ್ಕೆ ನೇರ ಅನುಪಾತದಲ್ಲಿಯೂ ಮರಳಿನ ದಪ್ಪಕ್ಕೆ ವಿಲೋಮ ಅನುಪಾತದಲ್ಲಿಯೂ ಇರುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಓಮನ ನಿಯಮ ನೆನಪಿಗೆ ಬರಬಹುದು. ಹೋಲಿಕೆ ಸರಿಯಾದದ್ದೇ.

ಮಂದ ಶೋಧಕದ ಮಹಿಮೆ 1892ರಲ್ಲಿ ಜಗತ್ತಿಗೆ ತಿಳಿಯಿತು. ಜರ್ಮನಿಯ ಹ್ಯಾಂಬರ್ಗ್ ಮತ್ತು ಆಲ್ಟೋನ ಎಲ್ಬೆ ನದಿಯ ದಡದ ಅಕ್ಕಪಕ್ಕದ ಊರುಗಳು. ಹ್ಯಾಂಬರ್ಗ್ ನದಿಯ ನೀರನ್ನು ಸೋಸದೆ ಕೊಡುತ್ತಿತ್ತು. ಕೆಳಗಿನ ಆಲ್ಟೋನ, ಹ್ಯಾಂಬರ್ಗಿನ ಚರಂಡಿಯೂ ಸೇರಿದ ನೀರನ್ನೇ ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಆ ವರ್ಷದ ಕಾಲರಾದಲ್ಲಿ ಹ್ಯಾಂಬರ್ಗಿನಲ್ಲಿ 8,600ಕ್ಕೂ ಹೆಚ್ಚು ಜನ ಸತ್ತರು. ಆಲ್ಟೋನ ಬಹುಮಟ್ಟಿಗೆ ಪಾರಾಯಿತು. ಇದನ್ನು ಪರಿಶೀಲಿಸಿದ ರಾಬರ್ಟ್ ಕಾಖ್, ರಕ್ಷಣೆ ಕೊಡುವುದು ಬರಿಯ ಮರಳಲ್ಲ, ಮರಳಿನ ಮೇಲೆ ಕಟ್ಟುವ ತೆಳುವಾದ ಲೋಳೆಯ ಪದರ ಎಂದು ಒತ್ತಿ ಹೇಳಿದ. ನಾನು ಉಜ್ಜಿ ತೊಳೆಸಿದ ಕಂದು ಲೋಳೆಯೂ ಇಂಥ ಜೀವಂತ ಪದರವೇ.

ಹೆಸರಘಟ್ಟದಿಂದ ಮಲ್ಲೇಶ್ವರಕ್ಕೆ

ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೂಲಕ ಹರಿಯುವ ಅರ್ಕಾವತಿಗೆ ಹೆಸರಘಟ್ಟದ ಬಳಿ 1894ರಲ್ಲಿ ಕಟ್ಟೆ ಕಟ್ಟಿದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದ ಚಾಮರಾಜೇಂದ್ರ ನೀರು ಸರಬರಾಜು ಯೋಜನೆಯಿದು. 1896ರಲ್ಲಿ ಅಲ್ಲಿಂದ ಬೆಂಗಳೂರಿಗೆ ನೀರು ಬಂತು. ಆ ವರ್ಷಗಳಲ್ಲೇ, 1895ರಿಂದ 1897ರವರೆಗೆ, ಅಮೆರಿಕದ ಲೂಯಿವಿಲ್‌ನಲ್ಲಿ ಜಾರ್ಜ್ ಫುಲ್ಲರ್ ಹೊಸ ಬಗೆಯ ಶೋಧಕಗಳನ್ನು ಪರೀಕ್ಷಿಸುತ್ತಿದ್ದ. ನೀರಿಗೆ ಮೊದಲು ಪಟಿಕ ಹಾಕಿ ಕಣಗಳನ್ನು ಗುಂಪುಗೂಡಿಸುವುದು, ಆಮೇಲೆ ದಪ್ಪ ಮರಳಿನಲ್ಲಿ ಗಂಟೆಗೆ ಸುಮಾರು 5 ಮೀಟರ್ ವೇಗದಲ್ಲಿ ಸೋಸುವುದು, ಮರಳು ಕಟ್ಟಿಕೊಂಡಾಗ ನೀರನ್ನು ಕೆಳಗಿನಿಂದ ಮೇಲಕ್ಕೆ ನುಗ್ಗಿಸಿ ತೊಳೆಯುವುದು. ಅಲ್ಲಿ ಪರೀಕ್ಷೆಗೊಳಗಾದ ಯಂತ್ರಗಳಲ್ಲಿ ಜ್ಯುವೆಲ್ ಎಂಬ ತಯಾರಕರದೂ ಒಂದು. ಮಲ್ಲೇಶ್ವರದ ‘ಜ್ಯುವೆಲ್ ಫಿಲ್ಟರ್’ ಎಂಬ ಸ್ಥಳನಾಮದಲ್ಲಿ ಆ ಹೆಸರು ಇಂದಿಗೂ ಉಳಿದಿದೆ.

ಈಗ ಇವೆರಡನ್ನೂ ನಮ್ಮ ಕೊಳಕ್ಕೆ ಹೊಂದಿಸಿ ನೋಡೋಣ. ಕೊಳದ ನೀರು ನಾಲ್ಕು ಗಂಟೆಗೊಮ್ಮೆ ಶೋಧಕದ ಮೂಲಕ ಸುತ್ತಬೇಕೆಂದರೆ ಗಂಟೆಗೆ 7,200 ಲೀಟರ್, ಅಂದರೆ 7.2 ಘನ ಮೀಟರ್ ಹರಿವು ಬೇಕು. ಮಂದ ಮರಳು ಶೋಧಕದಲ್ಲಿ ವೇಗ ಗಂಟೆಗೆ 0.15 ಮೀಟರ್ ಎಂದಿಟ್ಟುಕೊಂಡರೆ ಬೇಕಾಗುವ ವಿಸ್ತೀರ್ಣ 48 ಚದರ ಮೀಟರ್. ಕೊಳದ ವಿಸ್ತೀರ್ಣವೇ 24 ಚದರ ಮೀಟರ್! ಶೋಧಕ ಕೊಳದ ಎರಡರಷ್ಟಾಯಿತು. ಶೀಘ್ರ ಮರಳು ಶೋಧಕಕ್ಕೆ ಒಂದೂವರೆ ಚದರ ಮೀಟರ್ ಸಾಕು. ಆದರೆ ಮೀನಿನ ಹಿಕ್ಕೆ ಅಂಟಂಟಾದದ್ದು. ಮರಳು ಬೇಗನೆ ಕಟ್ಟಿಕೊಳ್ಳುತ್ತದೆ, ಮತ್ತೆ ಮತ್ತೆ ತೊಳೆಯಬೇಕು, ಪ್ರತಿ ಸಲವೂ ನೀರು ವ್ಯರ್ಥ. ಅದಕ್ಕಿಂತ ಮುಖ್ಯವಾದ ತೊಡಕು ಬೇರೆ ಇದೆ: ಮೀನನ್ನು ಕೊಲ್ಲುವ ವಸ್ತು ನೀರಿನಲ್ಲಿ ಕರಗಿರುತ್ತದೆ. ಅದು ಯಾವ ಜರಡಿಯಲ್ಲೂ ನಿಲ್ಲುವುದಿಲ್ಲ.

ಕಾಣದ ವಿಷ

ಆ ವಸ್ತು ಅಮೋನಿಯ. ಮೀನು ತಿಂದ ಪ್ರೋಟೀನಿನ ನೈಟ್ರೋಜನ್ನಿನಲ್ಲಿ ಹೆಚ್ಚಿನ ಪಾಲು ಕಿವಿರುಗಳ ಮೂಲಕ ಅಮೋನಿಯವಾಗಿ ನೀರಿಗೆ ಸೇರುತ್ತದೆ. ಮೂರನೇ ಒಂದು ಭಾಗ ಪ್ರೋಟೀನ್ ಇರುವ ಒಂದು ಕಿಲೋಗ್ರಾಂ ಮೇವಿನಿಂದ ಸುಮಾರು 30 ಗ್ರಾಂ ಅಮೋನಿಯ ನೈಟ್ರೋಜನ್ ಬರುತ್ತದೆ ಎಂಬುದು ಮೀನು ಸಾಕಣೆಯ ಲೆಕ್ಕಾಚಾರ. ಮಿತ್ರರ ಕೊಳಕ್ಕೆ ದಿನಕ್ಕೆ 200 ಗ್ರಾಂ ಮೇವು, ಅಂದರೆ 6 ಗ್ರಾಂ ಅಮೋನಿಯ ನೈಟ್ರೋಜನ್. ಇದು ಆರು ದಿನ ಹಾಗೆಯೇ ಉಳಿದರೆ ಲೀಟರಿಗೆ ಸುಮಾರು 1.25 ಮಿಲಿಗ್ರಾಂ. ಇದರಲ್ಲಿ ಎಷ್ಟು ಪಾಲು ವಿಷಕಾರಿ ಎಂಬುದನ್ನು ಪಿಹೆಚ್ ನಿರ್ಧರಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಹೆಚ್ 7 ಇದ್ದರೆ ಶೇಕಡ ಅರ್ಧದಷ್ಟು ಮಾತ್ರ, 8.5 ಇದ್ದರೆ ಶೇಕಡ 15ರಷ್ಟು. ಬಿಸಿಲಿನಲ್ಲಿ ಪಾಚಿ ಕಾರ್ಬನ್ ಡೈಆಕ್ಸೈಡನ್ನು ಹೀರಿದಂತೆ ಪಿಹೆಚ್ ಏರುತ್ತದೆ. ಆದ್ದರಿಂದಲೇ ಬೆಳಿಗ್ಗೆ ಸುಮ್ಮನಿದ್ದ ಮೀನು ಮಧ್ಯಾಹ್ನ ಒದ್ದಾಡುವುದುಂಟು.

ಹಾಗಾದರೆ ಮೊದಲ ಆರು ತಿಂಗಳು ಈ ಅಮೋನಿಯ ಎಲ್ಲಿಗೆ ಹೋಗುತ್ತಿತ್ತು? ಇದರ ಉತ್ತರ 1877ರ ಒಂದು ಸೊಗಸಾದ ಪ್ರಯೋಗದಲ್ಲಿದೆ. ಫ್ರಾನ್ಸಿನ ಷ್ಲೋಯಸಿಂಗ್ ಮತ್ತು ಮ್ಯುಂಟ್ಸ್ ಎಂಬವರು ಒಂದು ಉದ್ದ ಗಾಜಿನ ಕೊಳವೆಗೆ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ ಮೇಲಿನಿಂದ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು 20 ದಿನ ಅಮೋನಿಯ ಹೇಗಿತ್ತೋ ಹಾಗೆಯೇ ಹೊರಬಂತು. ಆಮೇಲೆ ಅಮೋನಿಯ ಕಡಿಮೆಯಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ 20 ದಿನ ಕಾಯುವ ಅಗತ್ಯವೇನಿತ್ತು? ಯಾವುದೋ ಜೀವಿ ಬೆಳೆಯಲು ಆ ಸಮಯ ತೆಗೆದುಕೊಂಡಿರಬೇಕು. ಪರೀಕ್ಷಿಸಲು ಅವರು ಕೊಳವೆಗೆ ಕ್ಲೋರೋಫಾರಂ ಹಾಯಿಸಿದರು. ನೈಟ್ರೇಟ್ ನಿಂತೇ ಹೋಯಿತು. ಕ್ಲೋರೋಫಾರಂ ತೆಗೆದು, ಸ್ವಲ್ಪ ಮಣ್ಣು ಕಲಸಿದ ನೀರನ್ನು ಹಾಕಿದ ಮೇಲೆ ಮತ್ತೆ ಆರಂಭವಾಯಿತು.

ಅವರು ತಿಳಿದು ಕ್ಲೋರೋಫಾರಂನಿಂದ ಮಾಡಿದ್ದನ್ನು ನಾನು ತಿಳಿಯದೆ ಬ್ಲೀಚಿಂಗ್ ಪುಡಿಯಿಂದ ಮಾಡಿದ್ದೆ, ಅಷ್ಟೇ.

ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ ಜ್ಯೂರಿಕ್‌ನಲ್ಲಿದ್ದ ರಷ್ಯದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ. ಕೆಲವು ಬ್ಯಾಕ್ಟೀರಿಯ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಕೆಲವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನಡುವಿನ ನೈಟ್ರೈಟ್ ಕೂಡ ಮೀನಿಗೆ ವಿಷ, ನೈಟ್ರೇಟ್ ಬಹಳ ಮಟ್ಟಿಗೆ ನಿರಪಾಯಕಾರಿ. ಈ ಎರಡು ಮೆಟ್ಟಿಲಿನ ಚಿತ್ರ ಒಂದು ಶತಮಾನಕ್ಕೂ ಹೆಚ್ಚು ಕಾಲ ನಿಂತಿತು. 2015ರಲ್ಲಿ ಎರಡೂ ಮೆಟ್ಟಿಲನ್ನು ಒಂದೇ ಜೀವಿ ಏರಬಲ್ಲದೆಂದು ತಿಳಿದುಬಂತು. ನೈಟ್ರೋಸ್ಪೈರ ಕುಲದ ಅಂಥ ಬ್ಯಾಕ್ಟೀರಿಯವನ್ನು ನೆದರ್‌ಲೆಂಡ್ಸಿನ ಸಂಶೋಧಕರು ಪಡೆದದ್ದು ಎಲ್ಲಿಂದ ಗೊತ್ತೆ? ಮೀನು ಸಾಕುವ ತೊಟ್ಟಿಯ ಶೋಧಕದಿಂದ!

ಜಲ್ಲಿಯ ಗುಣ

ಅಮೆರಿಕದ ಲಾರೆನ್ಸ್ ಪ್ರಯೋಗ ಕೇಂದ್ರ 1887ರಲ್ಲಿ ಆರಂಭವಾಯಿತು. ಚರಂಡಿ ನೀರನ್ನು ಜಲ್ಲಿಯ ಮೇಲೆ ತೆಳುವಾಗಿ ಇಳಿಸಿದರೆ ಅದು ಶುದ್ಧವಾಗುತ್ತದೆಂದು ಅಲ್ಲಿ ಕಂಡುಬಂತು. ಕಲ್ಲಿನ ಮೇಲಿನ ಲೋಳೆಗೆ ಆಹಾರವೂ ಗಾಳಿಯೂ ಒಟ್ಟಿಗೆ ದೊರೆಯುವುದೇ ಇದರ ಗುಟ್ಟು. 1893ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್‌ನಲ್ಲಿ ಜೋಸೆಫ್ ಕಾರ್ಬೆಟ್ ಇಂಥ ‘ತೊಟ್ಟಿಕ್ಕುವ ಶೋಧಕ’ವನ್ನು ಬಳಕೆಗೆ ತಂದ.

ಇನ್ನೊಂದು ದಾರಿ ಕಲ್ಲನ್ನೇ ಬಿಟ್ಟು, ಬ್ಯಾಕ್ಟೀರಿಯಗಳ ರೊಚ್ಚನ್ನು ನೀರಿನಲ್ಲೇ ತೇಲಿಸಿ ಗಾಳಿ ಊದುವುದು. ಮ್ಯಾಂಚೆಸ್ಟರಿನ ಗಿಲ್ಬರ್ಟ್ ಫೌಲರ್ 1912ರಲ್ಲಿ ಲಾರೆನ್ಸ್ ಕೇಂದ್ರಕ್ಕೆ ಹೋಗಿ ಗಾಳಿಯೂದಿದ ಚರಂಡಿ ನೀರಿನ ಪ್ರಯೋಗವನ್ನು ಕಂಡು ಬಂದ. ಅವನ ಸೂಚನೆಯಂತೆ ದುಡಿದ ಆರ್ಡರ್ನ್ ಮತ್ತು ಲಾಕೆಟ್ 1914ರಲ್ಲಿ ‘ಆಕ್ಟಿವೇಟೆಡ್ ಸ್ಲಡ್ಜ್’, ಅಂದರೆ ಚುರುಕುಗೊಳಿಸಿದ ರೊಚ್ಚಿನ ವಿಧಾನವನ್ನು ಪ್ರಕಟಿಸಿದರು. ಇಂದು ನಗರಗಳ ಚರಂಡಿ ನೀರಿನ ಘಟಕಗಳಲ್ಲಿ ಬಹಳಷ್ಟು ನಡೆಯುವುದು ಇದೇ ತತ್ತ್ವದ ಮೇಲೆ. ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರು ಅವರೇ. ನೈಟ್ರೋಜನ್ನಿನ ಉಳಿತಾಯವನ್ನು ಕುರಿತ ಅವರ ಪುಸ್ತಕ 1934ರಲ್ಲಿ ಹೊರಬಂತು. ಚರಂಡಿಯ ನೈಟ್ರೋಜನ್ ಕಸವಲ್ಲ, ಗೊಬ್ಬರ ಎಂಬುದು ಅವರ ನಿಲುವು.

ನಮ್ಮ ಹಿತ್ತಲಿಗೆ ಇವುಗಳಲ್ಲಿ ಯಾವುದು? ಇಲ್ಲಿ ಸ್ವಲ್ಪ ಭೌತವಿಜ್ಞಾನ ಬೇಕು. ಬ್ಯಾಕ್ಟೀರಿಯಕ್ಕೆ ಬೇಕಾದದ್ದು ಮೇಲ್ಮೈ. ಗೋಳಾಕಾರದ ಕಲ್ಲುಗಳನ್ನು ತುಂಬಿದ ತೊಟ್ಟಿಯಲ್ಲಿ ಶೇಕಡ 40 ಭಾಗ ಖಾಲಿ ಜಾಗವಿದ್ದರೆ, ಒಂದು ಘನ ಮೀಟರಿನಲ್ಲಿ ದೊರೆಯುವ ಮೇಲ್ಮೈ 3.6 ಅನ್ನು ಕಲ್ಲಿನ ವ್ಯಾಸದಿಂದ ಭಾಗಿಸಿದಷ್ಟು. ವ್ಯಾಸವನ್ನು ಮೀಟರಿನಲ್ಲಿ ತೆಗೆದುಕೊಳ್ಳಬೇಕು. 20 ಮಿಲಿಮೀಟರ್ ಜಲ್ಲಿಗೆ 180 ಚದರ ಮೀಟರ್, ಅರ್ಧ ಮಿಲಿಮೀಟರ್ ಮರಳಿಗೆ 7,200 ಚದರ ಮೀಟರ್. ಮರಳೇ ಮೇಲು ಅನ್ನಿಸುತ್ತದೆ, ಅಲ್ಲವೆ? ಆದರೆ ಡಾರ್ಸಿಯ ನಿಯಮದಲ್ಲಿ ಬರುವ ವಾಹಕತೆ ಕಣದ ವ್ಯಾಸದ ವರ್ಗವನ್ನು ಅವಲಂಬಿಸಿದೆ. ಕಣ 40 ಪಟ್ಟು ಚಿಕ್ಕದಾದರೆ ಮೇಲ್ಮೈ 40 ಪಟ್ಟು ಹೆಚ್ಚುತ್ತದೆ, ಆದರೆ ನೀರಿಗೆ ದಾರಿ ಬಿಡುವ ಗುಣ 1,600 ಪಟ್ಟು ಇಳಿಯುತ್ತದೆ. ಲಾಭಕ್ಕಿಂತ ನಷ್ಟ ಹೆಚ್ಚು.

ಮೇಲ್ಮೈ ಎಷ್ಟು ಬೇಕು? ಚದರ ಮೀಟರಿಗೆ ದಿನಕ್ಕೆ 0.3 ಗ್ರಾಂ ಅಮೋನಿಯ ನೈಟ್ರೋಜನ್ ಎಂಬುದು ಎಚ್ಚರಿಕೆಯ ಅಂದಾಜು. ನಮ್ಮ 6 ಗ್ರಾಮಿಗೆ 20 ಚದರ ಮೀಟರ್. 20 ಮಿಲಿಮೀಟರ್ ಜಲ್ಲಿ 0.11 ಘನ ಮೀಟರ್ ಇದ್ದರೆ ಲೆಕ್ಕಕ್ಕೆ ಸಾಕು. ಎಲ್ಲ ಕಲ್ಲೂ ಸಮನಾಗಿ ನೆನೆಯುವುದಿಲ್ಲ, ಕೆಲವು ಹೂಳಿನಿಂದ ಮುಚ್ಚುತ್ತವೆ. ಆದ್ದರಿಂದ ನಾಲ್ಕು ಪಟ್ಟು, ಅಂದರೆ ಅರ್ಧ ಘನ ಮೀಟರ್ ಇಡಿ. ನೋಡಿ, ಮೀನಿನ ಕೊಳಕ್ಕೆ ಬೇಕಾದ ಶೋಧಕದ ಗಾತ್ರವನ್ನು ಹೇಳುವುದು ನೀರಿನ ಲೀಟರುಗಳಲ್ಲ, ದಿನದ ಮೇವಿನ ಗ್ರಾಮುಗಳು.

ಮೊದಲು ತಂಗಿಸಿ

ಜಲ್ಲಿ ಕಟ್ಟಿಕೊಳ್ಳದಿರಬೇಕಾದರೆ ಹಿಕ್ಕೆಯನ್ನು ಅದಕ್ಕೂ ಮುಂಚೆ ತೆಗೆಯಬೇಕು. ನೀರಿನಲ್ಲಿ ಕಣ ಮುಳುಗುವ ವೇಗಕ್ಕೆ ಸ್ಟೋಕ್ಸ್ 1851ರಲ್ಲಿ ಸೂತ್ರ ಕೊಟ್ಟ. ಅದು ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ನೀರಿಗಿಂತ ಶೇಕಡ 5 ಮಾತ್ರ ಹೆಚ್ಚು ಸಾಂದ್ರತೆಯ, 0.1 ಮಿಲಿಮೀಟರ್ ವ್ಯಾಸದ ಕಣ ಸೆಕೆಂಡಿಗೆ 0.3 ಮಿಲಿಮೀಟರ್ ಇಳಿಯುತ್ತದೆ. ಒಂದು ಮೀಟರಿಗೆ ಸುಮಾರು ಒಂದು ಗಂಟೆ. ಅದೇ ಕಣವನ್ನು ಪಂಪಿನ ರೆಕ್ಕೆ ಅರೆದು ಹತ್ತನೇ ಒಂದರಷ್ಟು ಮಾಡಿದರೆ ನಾಲ್ಕು ದಿನ! ಆದ್ದರಿಂದ ಪಂಪು ಯಾವಾಗಲೂ ತಂಗುತೊಟ್ಟಿಯ ನಂತರ ಇರಬೇಕು. ಕೊಳದ ತಳದಿಂದ ನೀರು ತನ್ನಷ್ಟಕ್ಕೆ ತಂಗುತೊಟ್ಟಿಗೆ ಹರಿದು ಬರಲಿ.

ತಂಗುತೊಟ್ಟಿ ಆಳವಾಗಿದ್ದಷ್ಟೂ ಒಳ್ಳೆಯದೆಂದು ನೀವು ಭಾವಿಸಬಹುದು. ಲಾರೆನ್ಸ್ ಕೇಂದ್ರದಲ್ಲಿ ದುಡಿದಿದ್ದ ಆಲೆನ್ ಹೇಜನ್ 1904ರಲ್ಲಿ ಹಾಗಲ್ಲವೆಂದು ತೋರಿಸಿದ. ಮುಖ್ಯವಾದದ್ದು ವಿಸ್ತೀರ್ಣ. ಹರಿವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬರುವ ವೇಗಕ್ಕಿಂತ ಬೇಗ ಮುಳುಗುವ ಕಣಗಳೆಲ್ಲ ತಂಗುತ್ತವೆ. ನಮ್ಮ ಹರಿವಿಗೆ 2 ಚದರ ಮೀಟರಿನ ತೊಟ್ಟಿ ಕೊಟ್ಟರೆ ಆ ವೇಗ ಸೆಕೆಂಡಿಗೆ 1 ಮಿಲಿಮೀಟರ್. 0.2 ಮಿಲಿಮೀಟರಿಗಿಂತ ದೊಡ್ಡ ಕಣಗಳು ನಿಲ್ಲುತ್ತವೆ. ಉಳಿದ ಸಣ್ಣವನ್ನು ನಾರಿನ ಚಾಪೆಯ ಒಂದೆರಡು ಪದರ ಹಿಡಿಯಬಲ್ಲದು.

ಸುಣ್ಣ ಮತ್ತು ಗಾಳಿ

ಷ್ಲೋಯಸಿಂಗ್ ಕೊಳವೆಯಲ್ಲಿ ಮರಳಿನ ಜೊತೆ ಸುಣ್ಣಕಲ್ಲು ಏಕಿತ್ತು? ಅಮೋನಿಯ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಒಂದು ಗ್ರಾಂ ಅಮೋನಿಯ ನೈಟ್ರೋಜನ್ನಿಗೆ 7.14 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರತೆ ಖರ್ಚಾಗುತ್ತದೆ. ನಮ್ಮ ಕೊಳದಲ್ಲಿ ದಿನಕ್ಕೆ 43 ಗ್ರಾಂ. ಲೀಟರಿಗೆ 150 ಮಿಲಿಗ್ರಾಂ ಕ್ಷಾರತೆಯ ಕೊಳವೆಬಾವಿ ನೀರು ತುಂಬಿದ್ದರೆ 100 ದಿನ ಬರುತ್ತದೆ. 30 ಮಿಲಿಗ್ರಾಂ ಮಾತ್ರ ಇರುವ ನೀರಾದರೆ 20 ದಿನಕ್ಕೆ ಮುಗಿಯುತ್ತದೆ. ಚಾವಣಿಯ ಮಳೆನೀರಿನಲ್ಲಿ ಕ್ಷಾರತೆ ಇನ್ನೂ ಕಡಿಮೆ. ಕ್ಷಾರತೆ ಮುಗಿದ ಮೇಲೆ ಪಿಹೆಚ್ ಕುಸಿದು ಬ್ಯಾಕ್ಟೀರಿಯ ಕೆಲಸ ನಿಲ್ಲಿಸುತ್ತವೆ. ಮಾಕಳಿದುರ್ಗದ ಸುತ್ತಿನ ಬಂಡೆ ಗ್ರಾನೈಟ್. ಅದರ ಜಲ್ಲಿ ಮೇಲ್ಮೈಯನ್ನು ಧಾರಾಳವಾಗಿ ಕೊಡುತ್ತದೆ, ಕಾರ್ಬೊನೇಟ್ ಕೊಡುವುದಿಲ್ಲ. ಆದ್ದರಿಂದ ಮಳೆನೀರು ಬಳಸುವವರು ಶೋಧಕದಲ್ಲಿ ಒಂದು ಬುಟ್ಟಿ ಸುಣ್ಣಕಲ್ಲಿನ ಚೂರು ಅಥವಾ ಕಪ್ಪೆಚಿಪ್ಪು ಇಡಬೇಕು. ಸುಟ್ಟ ಸುಣ್ಣವನ್ನಲ್ಲ!

ಇನ್ನು ಗಾಳಿ. ಅದೇ ಒಂದು ಗ್ರಾಂ ನೈಟ್ರೋಜನ್ನಿಗೆ 4.57 ಗ್ರಾಂ ಆಕ್ಸಿಜನ್ ಬೇಕು. ಸಮುದ್ರಮಟ್ಟದಲ್ಲಿ 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಕ್ಸಿಜನ್ ಹಿಡಿದರೆ, ಸುಮಾರು 900 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ಹೆನ್ರಿಯ ನಿಯಮದಂತೆ 7.5ರಷ್ಟೇ. ಅಂಗಡಿಯ ಮುಚ್ಚಿದ ಒತ್ತಡದ ಶೋಧಕದಲ್ಲಿ ಬ್ಯಾಕ್ಟೀರಿಯಕ್ಕೆ ಸಿಗುವುದು ನೀರು ತರುವ ಈ ಆಕ್ಸಿಜನ್ ಮಾತ್ರ. ಕರೆಂಟು ಹೋಗಿ ಪಂಪು ನಿಂತರೆ ಕೆಲವೇ ಗಂಟೆಗಳಲ್ಲಿ ಒಳಗೆಲ್ಲ ಉಸಿರುಗಟ್ಟುತ್ತದೆ, ಮತ್ತೆ ಪಂಪು ಹೊರಟಾಗ ಕೊಳೆತ ನೀರು ಕೊಳಕ್ಕೆ ನುಗ್ಗುತ್ತದೆ. ತೊಟ್ಟಿಕ್ಕುವ ಜಲ್ಲಿಯಲ್ಲಾದರೆ ನೀರು ನಿಂತರೂ ಒದ್ದೆ ಕಲ್ಲಿನ ಸುತ್ತ ಗಾಳಿ ಇದ್ದೇ ಇರುತ್ತದೆ. ಹಳ್ಳಿಗಳ ವಿದ್ಯುತ್ ಪರಿಸ್ಥಿತಿಯನ್ನು ಬಲ್ಲ ನಿಮಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರನ್ನು ಒಂದೂವರೆ ಮೀಟರ್ ಎತ್ತಲು ಬೇಕಾದ ಸಾಮರ್ಥ್ಯ 30 ವ್ಯಾಟ್‌ಗಿಂತ ಕಡಿಮೆ. ಪಂಪಿನ ದಕ್ಷತೆ ಮೂರರಲ್ಲಿ ಒಂದು ಪಾಲೆಂದರೂ 90 ವ್ಯಾಟ್, ದಿನಕ್ಕೆ ಸುಮಾರು ಎರಡು ಯೂನಿಟ್.

ಹೀಗೆ ಆಯ್ಕೆ ತಾನಾಗಿಯೇ ಸ್ಪಷ್ಟವಾಗುತ್ತದೆ: ಮೊದಲು ತಂಗುತೊಟ್ಟಿ, ಆಮೇಲೆ ನಾರಿನ ಚಾಪೆ, ಪಂಪು, ತೆರೆದ ಜಲ್ಲಿಯ ತೊಟ್ಟಿಕ್ಕುವ ಶೋಧಕ. ಕೊನೆಯಲ್ಲಿ ನೈಟ್ರೇಟ್ ಹೀರಲು ಕೆಸುವು, ಆಪು ಮುಂತಾದ ಗಿಡಗಳ ಒಂದು ಪಾತಿ. ಫೌಲರ್ ಹೇಳಿದ ಗೊಬ್ಬರ ಇಲ್ಲಿ ಬಳಕೆಯಾಗುತ್ತದೆ. ತಂಗುತೊಟ್ಟಿಯ ಕೆಸರನ್ನು ವಾರಕ್ಕೊಮ್ಮೆ ತೆಂಗಿನ ಬುಡಕ್ಕೆ ಬಿಡಿ. ಜಲ್ಲಿಯನ್ನು ಮಾತ್ರ ಒಮ್ಮೆಗೆ ಪೂರ್ತಿ ತೊಳೆಯಬೇಡಿ. ತೊಳೆಯಲೇ ಬೇಕಾದರೆ ನಾಲ್ಕರಲ್ಲಿ ಒಂದು ಭಾಗವನ್ನು ಕೊಳದ ನೀರಿನಲ್ಲೇ ಅಲುಗಿಸಿ ತೆಗೆಯಿರಿ. ಹೊಸ ಕೊಳವಾದರೆ ಮೊದಲ ತಿಂಗಳು ಮೀನೂ ಮೇವೂ ಕಡಿಮೆ ಇರಲಿ. 1877ರ ಆ 20 ದಿನಗಳ ಕಾಯುವಿಕೆಗೆ ವಿನಾಯಿತಿ ಯಾರಿಗೂ ಇಲ್ಲ.

ಮಿತ್ರರ ಕೊಳದಲ್ಲಿ ನಾವು ಮಾಡಿದ್ದೂ ಅದೇ. ಮೇವು ನಿಲ್ಲಿಸಿದೆವು, ಅರ್ಧ ನೀರು ಬದಲಿಸಿದೆವು, ಅವರ ಹಳೆಯ ಚಿಕ್ಕ ತೊಟ್ಟಿಯ ಲೋಳೆ ಹಿಡಿದ ಕಲ್ಲುಗಳನ್ನು ತಂದು ಜಲ್ಲಿಯ ಮೇಲೆ ಹರಡಿದೆವು. ಷ್ಲೋಯಸಿಂಗ್ ಹಾಕಿದ ಮಣ್ಣಿನ ನೀರಿನ ಜಾಗದಲ್ಲಿ ಈ ಕಲ್ಲುಗಳು. ಮೂರು ವಾರದಲ್ಲಿ ಅಮೋನಿಯ ಪರೀಕ್ಷೆಯ ಬಣ್ಣ ಮತ್ತೆ ಸೊನ್ನೆಗೆ ಬಂತು. ಉಳಿದ ಮೀನುಗಳು ಚೇತರಿಸಿಕೊಂಡವು.

ಇದನ್ನು ನಿಮ್ಮ ತರಗತಿಯಲ್ಲೂ ಮಾಡಿ ನೋಡಬಹುದು. ತಳದಲ್ಲಿ ತೂತು ಮಾಡಿದ ಎರಡು ಪ್ಲಾಸ್ಟಿಕ್ ಬಾಟಲಿಗಳಿಗೆ ಹಳೆಯ ಮೀನುತೊಟ್ಟಿಯ ಜಲ್ಲಿ ತುಂಬಿ. ಒಂದರ ಜಲ್ಲಿಯನ್ನು ಮೊದಲು ಕುದಿಸಿರಿ. 10 ಲೀಟರ್ ಕ್ಲೋರಿನ್ ಇಲ್ಲದ ನೀರಿಗೆ 76 ಮಿಲಿಗ್ರಾಂ ಅಮೋನಿಯಂ ಕ್ಲೋರೈಡ್ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯ ನೈಟ್ರೋಜನ್ ಆಗುತ್ತದೆ. ಅದಕ್ಕೆ ಚಿಟಿಕೆ ಸುಣ್ಣಕಲ್ಲಿನ ಪುಡಿ ಬೆರೆಸಿ, ಅರ್ಧರ್ಧ ನೀರನ್ನು ಎರಡೂ ಬಾಟಲಿಗಳಲ್ಲಿ ಹನಿಹನಿಯಾಗಿ ಇಳಿಸಿ, ಕೆಳಗೆ ಬಂದದ್ದನ್ನು ಮತ್ತೆ ಮತ್ತೆ ಮೇಲಕ್ಕೆ ಸುರಿಯಿರಿ. ದಿನವೂ ಅಮೋನಿಯ ಅಳೆದು ನಕ್ಷೆ ಬರೆಯಿರಿ. ಎರಡೂ ಲೋಟಗಳ ನೀರು ಕಣ್ಣಿಗೆ ಒಂದೇ ಸಮನಾಗಿ ತಿಳಿಯಾಗಿರುತ್ತದೆ. ಆದರೆ ನಕ್ಷೆಯ ಎರಡು ಗೆರೆಗಳು ದಿನದಿಂದ ದಿನಕ್ಕೆ ದೂರವಾಗುತ್ತ ಹೋಗುತ್ತವೆ.